ನಡುವೆ ಹರಿದ ನದಿಗಳು: ಯುಗೊಸ್ಲಾವ್ ಅರಸೊತ್ತಿಗೆ ತನ್ನ ಒಳಗಡಿಗಳನ್ನು ಎಳೆದ ಬಗೆ

ಓದುಗರ ಪ್ರಶ್ನೆ: 1930ರ ದಶಕದ ಯುಗೊಸ್ಲಾವಿಯಾದ ನಕ್ಷೆಯೊಂದರಲ್ಲಿ ಪ್ರಾಂತ್ಯಗಳಿಗೆ ದ್ರಾವಾ, ಸಾವಾ, ದ್ರಿನಾ, ವಾರ್ದಾರ್ ಎಂದು ನದಿಗಳ ಹೆಸರುಗಳೇ ಇರುವುದನ್ನು ಕಂಡೆ. ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ ಎಂಬ ಹೆಸರುಗಳು ಎಲ್ಲಿಯೂ ಇಲ್ಲ. ಆ ಗಡಿಗಳನ್ನು ನಿಜವಾಗಿಯೂ ಭೂಗೋಳವನ್ನು ನೋಡಿ ಎಳೆದರೇ? ನಮ್ಮಲ್ಲಿ 1956ರಲ್ಲಿ ಮಾಡಿದಂತೆ ಭಾಷೆಯ ಆಧಾರದ ಮೇಲೆ ಏಕೆ ವಿಂಗಡಿಸಲಿಲ್ಲ?

ಉತ್ತರ: ಭೂಗೋಳವನ್ನು ನೋಡಿದ್ದು ನಿಜ. ಆದರೆ ಭೂಗೋಳದಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬದಿಗಿಡಬೇಕು ಎಂಬುದನ್ನು ತೀರ್ಮಾನಿಸಿದ್ದು ರಾಜಕೀಯ. ಒಂದೇ ನದಿ ಎರಡು ಸೀಮೆಗಳನ್ನು ಬೇರ್ಪಡಿಸುವ ಎಲ್ಲೆಯಾಗಬಹುದು, ಎರಡು ದಡಗಳನ್ನು ಕೂಡಿಸುವ ನಡುಹರಿವೂ ಆಗಬಹುದು. ಶತಮಾನಗಳ ಕಾಲ ಎಲ್ಲೆಗಳಾಗಿದ್ದ ನದಿಗಳನ್ನು 1929ರ ನಕ್ಷೆ ಪ್ರಾಂತ್ಯಗಳ ಒಡಲಿನೊಳಗೆ ಹರಿಯುವಂತೆ ಮಾಡಿತು. ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲಿಯೇ ಇದೆ. ಅದು ತಿಳಿಯಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

1918ರ ಡಿಸೆಂಬರ್ 1ರಂದು ಬೆಲ್‌ಗ್ರೇಡಿನಲ್ಲಿ ಸರ್ಬರು, ಕ್ರೊವಾಟರು ಮತ್ತು ಸ್ಲೊವೀನರ ಅರಸೊತ್ತಿಗೆ (ಮುಂದೆ ಯುಗೊಸ್ಲಾವಿಯಾ ಎನಿಸಿದ್ದು ಇದೇ) ಘೋಷಣೆಯಾದಾಗ ಅದರೊಳಗೆ ಬಂದು ಸೇರಿದ ಸೀಮೆಗಳು ಒಂದೇ ಆಡಳಿತವನ್ನು ಕಂಡವುಗಳಾಗಿರಲಿಲ್ಲ. ಸರ್ಬಿಯಾ ಮತ್ತು ಮಾಂಟೆನೆಗ್ರೊ ಸ್ವತಂತ್ರ ಅರಸೊತ್ತಿಗೆಗಳಾಗಿದ್ದವು. ಸ್ಲೊವೀನರ ಬಹುಪಾಲು ಸೀಮೆಗಳೂ ಆಡ್ರಿಯಾಟಿಕ್ ಕರಾವಳಿಯ ಡಾಲ್ಮೇಷಿಯಾವೂ ಆಸ್ಟ್ರಿಯಾದ ಕೈಯಲ್ಲಿದ್ದವು. ಕ್ರೊಯೇಷಿಯಾ-ಸ್ಲವೋನಿಯಾ ಹಂಗೇರಿಯ ಕಿರೀಟಕ್ಕೆ ಒಳಪಟ್ಟಿದ್ದರೂ ತನ್ನದೇ ಶಾಸನಸಭೆಯನ್ನು ಉಳಿಸಿಕೊಂಡಿತ್ತು. ಬಾಚ್ಕಾ ಮತ್ತು ಬನಾತ್ ಬಯಲುಗಳು ನೇರವಾಗಿ ಹಂಗೇರಿಗೆ ಸೇರಿದ್ದವು. ಬೋಸ್ನಿಯಾ-ಹರ್ಜೆಗೊವಿನಾ 1878ರಿಂದ ಆಸ್ಟ್ರಿಯಾ-ಹಂಗೇರಿಗಳ ಜಂಟಿ ಆಡಳಿತದಲ್ಲಿತ್ತು. ಮ್ಯಾಸಿಡೋನಿಯಾ ಮತ್ತು ಕೊಸೊವೊ 1912ರವರೆಗೂ ಆಟೊಮನ್ ಸಾಮ್ರಾಜ್ಯದಲ್ಲಿದ್ದವು. ಇವುಗಳ ನಡುವಿನ ಎಲ್ಲೆಗಳು ಗಟ್ಟಿಯಾದ ಚರಿತ್ರೆಯುಳ್ಳವು. ಬೋಸ್ನಿಯಾದ ಉತ್ತರದ ಗಡಿ 1699ರ ಕಾರ್ಲೊವಿತ್ಸ್ ಒಪ್ಪಂದದ ಕಾಲದಿಂದ ರೂಪುಗೊಂಡಿತ್ತು. ಬೆಲ್‌ಗ್ರೇಡಿನ ಎದುರು ಸಾವಾ ಮತ್ತು ಡ್ಯಾನ್ಯೂಬ್ ನದಿಗಳು 1739ರ ಒಪ್ಪಂದದಿಂದ 1918ರವರೆಗೆ ಆಸ್ಟ್ರಿಯಾದ ಅರಸರ ಸಾಮ್ರಾಜ್ಯದ ಗಡಿಯಾಗಿದ್ದವು. ಅಂದರೆ ಹೊಸ ಅರಸೊತ್ತಿಗೆಯ ರಾಜಧಾನಿಯೇ ನಿನ್ನೆಯವರೆಗೆ ಗಡಿ ಪಟ್ಟಣವಾಗಿತ್ತು. ನದಿಯಾಚೆ ಕಣ್ಣಿಗೆ ಕಾಣುತ್ತಿದ್ದ ಝೆಮುನ್ ಪರದೇಶವಾಗಿತ್ತು.

ಈ ಹಳೆಯ ಸೀಮೆಗಳನ್ನು ಹಾಗೆಯೇ ಪ್ರಾಂತ್ಯಗಳಾಗಿ ಉಳಿಸಿಕೊಳ್ಳಬೇಕೆಂದು ಕ್ರೊವಾಟ್ ಮತ್ತು ಸ್ಲೊವೀನ್ ನಾಯಕರಲ್ಲಿ ಹಲವರು ಬಯಸಿದರು. ನಿಕೊಲಾ ಪಾಶಿಚ್ ಅವರ ನೇತೃತ್ವದ ಸರ್ಬಿಯಾದ ರ‍್ಯಾಡಿಕಲ್ ಪಕ್ಷಕ್ಕೆ ಕೇಂದ್ರೀಕೃತ ಆಡಳಿತ ಬೇಕಾಗಿತ್ತು. 1921ರ ಜೂನ್ 28ರ ಸಂವಿಧಾನ ಕೇಂದ್ರವಾದಿಗಳ ಪರವಾಗಿ ಬಂತು. ಸಂವಿಧಾನ ಸಭೆಯ 419 ಸದಸ್ಯರಲ್ಲಿ 223 ಮಂದಿ ಅದನ್ನು ಒಪ್ಪಿದರು, 35 ಮಂದಿ ವಿರೋಧಿಸಿದರು, ಉಳಿದವರು ಮತ ಹಾಕಲೇ ಇಲ್ಲ. ಪ್ರಾಂತ್ಯಗಳನ್ನು ನೈಸರ್ಗಿಕ, ಸಾಮಾಜಿಕ ಮತ್ತು ಆರ್ಥಿಕ ಪರಿಸ್ಥಿತಿಗಳನ್ನು ಅನುಸರಿಸಿ ರಚಿಸಬೇಕು, ಯಾವ ಪ್ರಾಂತ್ಯದಲ್ಲಿಯೂ 8 ಲಕ್ಷಕ್ಕಿಂತ ಹೆಚ್ಚು ಜನರಿರಕೂಡದು ಎಂಬ ನಿಯಮ ಅದರಲ್ಲಿತ್ತು. ಕೇಳಲು ಬರೀ ಆಡಳಿತದ ಅನುಕೂಲದಂತಿರುವ ಈ ಮಿತಿಯ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಆಗಿನ ಜನಸಂಖ್ಯೆ ಸುಮಾರು 1 ಕೋಟಿ 20 ಲಕ್ಷ. 8 ಲಕ್ಷದ ಮಿತಿಯೆಂದರೆ ಕನಿಷ್ಠ 15 ತುಂಡುಗಳಾಗಬೇಕು. ಕ್ರೊಯೇಷಿಯಾ-ಸ್ಲವೋನಿಯಾವಾಗಲಿ ಬೋಸ್ನಿಯಾವಾಗಲಿ ಸ್ಲೊವೀನರ ನಾಡಾಗಲಿ ಇಡಿಯಾಗಿ ಉಳಿಯುವುದು ಆ ಒಂದು ಸಂಖ್ಯೆಯಿಂದಲೇ ಅಸಾಧ್ಯವಾಯಿತು. ಯಾರ ಹೆಸರನ್ನೂ ಎತ್ತದೆ ಎಲ್ಲ ಹಳೆಯ ನಾಡುಗಳನ್ನು ಒಡೆಯುವುದಕ್ಕೆ ಇದಕ್ಕಿಂತ ಸುಲಭವಾದ ನಿಯಮ ಬೇರೆ ಬೇಕಿರಲಿಲ್ಲ.

1922ರ ಏಪ್ರಿಲ್ 26ರ ಆಜ್ಞೆಯಂತೆ 33 ಪ್ರಾಂತ್ಯಗಳಾದವು. ಇವುಗಳಿಗೆ ಒಬ್ಲಾಸ್ತ್ ಎಂದು ಹೆಸರು. ಪ್ರತಿಯೊಂದಕ್ಕೂ ಅರಸನು ನೇಮಿಸಿದ ಮಹಾ ಝುಪಾನ್ ಎಂಬ ಅಧಿಕಾರಿ ಇದ್ದನು. ಸರಾಸರಿ ಮೂರೂವರೆ ಲಕ್ಷದಷ್ಟು ಜನರಿರುವ ಇಂಥ ಚಿಕ್ಕ ಘಟಕಕ್ಕೆ ಕೇಂದ್ರದ ಎದುರು ನಿಂತು ಮಾತನಾಡುವ ಬಲ ಇರುವುದಿಲ್ಲ. ಸ್ಲೊವೀನರ ನಾಡು ಲ್ಯುಬ್ಲಿಯಾನಾ ಮತ್ತು ಮಾರಿಬೋರ್ ಎಂದು ಎರಡಾಯಿತು. ಕ್ರೊವಾಟರೇ ಹೆಚ್ಚಾಗಿರುವ ಮೆಜಿಮುರ್ಯೆ ಸೀಮೆಯನ್ನು ಮಾರಿಬೋರಿಗೆ ಸೇರಿಸಲಾಯಿತು. ಕ್ರೊಯೇಷಿಯಾ-ಸ್ಲವೋನಿಯಾ ನಾಲ್ಕು ಪ್ರಾಂತ್ಯಗಳಲ್ಲಿ ಹಂಚಿಹೋಯಿತು, ಡಾಲ್ಮೇಷಿಯಾ ಎರಡಾಯಿತು.

ಆದರೆ ಬೋಸ್ನಿಯಾದ ಕಥೆ ಬೇರೆಯಾಗಿತ್ತು, ಇದನ್ನು ಗಮನಿಸಲೇಬೇಕು. ಸಂವಿಧಾನಕ್ಕೆ ಬಹುಮತ ಒದಗಿಸಲು ಪಾಶಿಚ್ ಅವರಿಗೆ ಮೆಹ್ಮೆದ್ ಸ್ಪಾಹೊ ಅವರ ಯುಗೊಸ್ಲಾವ್ ಮುಸ್ಲಿಂ ಸಂಘಟನೆಯ ಮತಗಳು ಬೇಕಾಗಿದ್ದವು. ಸ್ಪಾಹೊ ಕೇಳಿದ ಬೆಲೆಗಳಲ್ಲಿ ಒಂದು, ಬೋಸ್ನಿಯಾವನ್ನು ಪ್ರಾಂತ್ಯಗಳಾಗಿ ವಿಂಗಡಿಸುವುದಾದರೂ ಅದರ ಹೊರಗಡಿ ಮುರಿಯಕೂಡದು ಎಂಬುದು. ಸಂವಿಧಾನದ 135ನೆಯ ವಿಧಿಯಲ್ಲಿ ಇದು ಸೇರಿತು. ಹಾಗಾಗಿ ಬೋಸ್ನಿಯಾದ ಆರು ಪ್ರಾಂತ್ಯಗಳಾದ ಸರಾಯೆವೊ, ಮೊಸ್ತಾರ್, ತುಜ್ಲಾ, ತ್ರಾವ್ನಿಕ್, ಬಿಹಾಚ್ ಮತ್ತು ಬಾನ್ಯಾ ಲೂಕಾ ಕೇಂದ್ರವಾದ ವ್ರ್‌ಬಾಸ್ ಹಳೆಯ ಗಡಿಯ ಒಳಗೇ ಉಳಿದವು. ಅವು ಆಸ್ಟ್ರಿಯಾ-ಹಂಗೇರಿಯ ಕಾಲದ ಆರು ಜಿಲ್ಲೆಗಳೇ. ಆ ಜಿಲ್ಲೆಗಳಿಗೆ ಆಟೊಮನ್ ಕಾಲದ ಸಂಜಾಕ್ ಎಂಬ ಆಡಳಿತ ವಿಭಾಗಗಳೇ ಮೂಲ. ಬೇರೆ ಯಾವ ನಾಡಿಗೂ ಸಿಗದ ರಕ್ಷೆ ಬೋಸ್ನಿಯಾಕ್ಕೆ ಸಿಕ್ಕಿತು, ಏಕೆಂದರೆ ಆ ಹೊತ್ತಿಗೆ ಅದರ ಪ್ರತಿನಿಧಿಗಳ ಕೈಯಲ್ಲಿ ನಿರ್ಣಾಯಕ ಮತಗಳಿದ್ದವು.

ಈ ವ್ಯವಸ್ಥೆ ಏಳು ವರ್ಷ ನಡೆಯಿತು. 1928ರ ಜೂನ್ 20ರಂದು ಸಂಸತ್ತಿನಲ್ಲಿಯೇ ಪುನಿಶಾ ರಾಚಿಚ್ ಎಂಬ ಸದಸ್ಯನು ಕ್ರೊವಾಟ್ ರೈತ ಪಕ್ಷದ ಸದಸ್ಯರ ಮೇಲೆ ಗುಂಡು ಹಾರಿಸಿದನು. ಇಬ್ಬರು ಅಲ್ಲಿಯೇ ಸತ್ತರು. ಪಕ್ಷದ ನಾಯಕ ಸ್ತ್ಯೆಪಾನ್ ರಾದಿಚ್ ಆಗಸ್ಟ್ 8ರಂದು ತೀರಿಕೊಂಡರು. 1929ರ ಜನವರಿ 6ರಂದು ಅರಸ ಅಲೆಕ್ಸಾಂಡರ್ ಸಂವಿಧಾನವನ್ನು ರದ್ದುಗೊಳಿಸಿ, ಸಂಸತ್ತನ್ನು ವಿಸರ್ಜಿಸಿ, ಅಧಿಕಾರವನ್ನು ತಾನೇ ವಹಿಸಿಕೊಂಡನು. ಪಕ್ಷಗಳು ನಿಷೇಧಗೊಂಡವು. ಅದೇ ವರ್ಷದ ಅಕ್ಟೋಬರ್ 3ರ ಕಾನೂನು ದೇಶದ ಹೆಸರನ್ನು ಯುಗೊಸ್ಲಾವಿಯಾ ಎಂದು ಬದಲಾಯಿಸಿತು, 33 ಪ್ರಾಂತ್ಯಗಳನ್ನು ಕೂಡಿಸಿ ಒಂಬತ್ತು ಮಾಡಿತು. ನೀವು ಕಂಡ ನಕ್ಷೆ ಇದರದು.

ಒಂಬತ್ತು ಪ್ರಾಂತ್ಯಗಳಿಗೂ ಬಾನೊವಿನಾ ಎಂದು ಹೆಸರಿಡಲಾಯಿತು. ಲ್ಯುಬ್ಲಿಯಾನಾ ಕೇಂದ್ರವಾದ ದ್ರಾವಾ, ಝಾಗ್ರೆಬ್ ಕೇಂದ್ರವಾದ ಸಾವಾ, ಬಾನ್ಯಾ ಲೂಕಾದ ವ್ರ್‌ಬಾಸ್, ಸರಾಯೆವೊದ ದ್ರಿನಾ, ತ್ಸೆತಿನ್ಯೆಯ ಝೇತಾ, ನೋವಿ ಸಾದ್‌ನ ಡ್ಯಾನ್ಯೂಬ್, ನಿಶ್‌ನ ಮೊರಾವಾ, ಸ್ಕೋಪ್ಯೆಯ ವಾರ್ದಾರ್ ಈ ಎಂಟಕ್ಕೆ ನದಿಗಳ ಹೆಸರು. ಸ್ಪ್ಲಿತ್ ಕೇಂದ್ರವಾದ ಒಂಬತ್ತನೆಯದನ್ನು ಕರಾವಳಿ ಬಾನೊವಿನಾ ಎಂದರು. ಬೆಲ್‌ಗ್ರೇಡ್, ಝೆಮುನ್ ಮತ್ತು ಪಾಂಚೆವೊ ಪಟ್ಟಣಗಳು ಯಾವ ಬಾನೊವಿನಾಕ್ಕೂ ಸೇರದೆ ಕೇಂದ್ರದ ಕೆಳಗೇ ಉಳಿದವು. ಹೆಸರಿಡುವ ಈ ರೀತಿಗೆ ಮಾದರಿ ಫ್ರಾನ್ಸ್. ಕ್ರಾಂತಿಯ ನಂತರ 1790ರಲ್ಲಿ ಅಲ್ಲಿ ಹಳೆಯ ಪ್ರಾಂತ್ಯಗಳನ್ನು ಅಳಿಸಿ 83 ವಿಭಾಗಗಳನ್ನು ಮಾಡಿ, ಹೆಚ್ಚಿನವುಗಳಿಗೆ ನದಿ, ಪರ್ವತಗಳ ಹೆಸರನ್ನೇ ಕೊಟ್ಟಿದ್ದರು. ಬಾನೊವಿನಾದ ಮುಖ್ಯಸ್ಥನಾದ ಬಾನ್ ಎಂಬ ಅಧಿಕಾರಿಯ ಹೆಸರು ಮಾತ್ರ ಕ್ರೊಯೇಷಿಯಾದ ಮಧ್ಯಯುಗದಿಂದ ಬಂದದ್ದು. ಅಲ್ಲಿ ಅದು ನಾಡಿನ ಪ್ರತ್ಯೇಕತೆಯ ಗುರುತಾಗಿತ್ತು. ಈಗ ಅದೇ ಬಿರುದನ್ನು ಅರಸನು ನೇಮಿಸುವ ಒಂಬತ್ತು ಮಂದಿ ಅಧಿಕಾರಿಗಳಿಗೆ ಹಂಚಲಾಯಿತು. ಗೌರವ ತೋರಿಸಿದಂತೆಯೂ ಆಯಿತು, ಅದರ ಅರ್ಥವನ್ನು ಬರಿದು ಮಾಡಿದಂತೆಯೂ ಆಯಿತು ಎಂದು ನನ್ನ ಅಭಿಪ್ರಾಯ.

ಇನ್ನು ಗಡಿಗಳ ವಿಚಾರ. ದ್ರಿನಾ ನದಿಯನ್ನೇ ತೆಗೆದುಕೊಳ್ಳಿ. ಅದು ಹರಿಯುವ ದಾರಿಯ ಬಹುಭಾಗದಲ್ಲಿ ಬೋಸ್ನಿಯಾ ಮತ್ತು ಸರ್ಬಿಯಾಗಳ ನಡುವಿನ ಎಲ್ಲೆಯಾಗಿತ್ತು. 1914ರಲ್ಲಿ ಯುದ್ಧ ಆರಂಭವಾದಾಗ ಸೈನ್ಯಗಳು ಅದರ ಎರಡು ದಡಗಳಲ್ಲಿ ಎದುರುಬದುರಾಗಿ ನಿಂತಿದ್ದವು. 1929ರಲ್ಲಿ ಸರಾಯೆವೊ, ತುಜ್ಲಾಗಳಂಥ ಪಶ್ಚಿಮ ದಡದ ಸೀಮೆಗಳನ್ನೂ ಶಾಬಾತ್ಸ್, ವಾಲ್ಯೆವೊ, ಉಝಿತ್ಸೆಗಳಂಥ ಪೂರ್ವ ದಡದ ಸೀಮೆಗಳನ್ನೂ ಒಟ್ಟುಗೂಡಿಸಿ ದ್ರಿನಾ ಬಾನೊವಿನಾ ಎಂದು ಕರೆಯಲಾಯಿತು. ನದಿಯ ಹೆಸರನ್ನು ಪ್ರಾಂತ್ಯಕ್ಕೆ ಕೊಟ್ಟ ಮೇಲೆ ಎರಡು ದಡಗಳೂ ಅದರೊಳಗೆ ಬರಬೇಕಾದುದು ಸಹಜವೆಂದೇ ಕಾಣುತ್ತದೆ. ಬೋಸ್ನಿಯಾದ ಪೂರ್ವದ ಗಡಿ ಹೀಗೆ ಇಲ್ಲವಾಯಿತು; ಜೊತೆಗೆ, ಪಶ್ಚಿಮ ಸರ್ಬಿಯಾದ ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರ ಜನಸಂಖ್ಯೆ ಸೇರಿದುದರಿಂದ ಆ ಪ್ರಾಂತ್ಯದಲ್ಲಿ ಸರ್ಬರ ಬಹುಮತವೂ ನಿಶ್ಚಿತವಾಯಿತು.

ಡ್ಯಾನ್ಯೂಬ್ ಬಾನೊವಿನಾದಲ್ಲಿಯೂ ಇದೇ ತಂತ್ರ. ಹಂಗೇರಿಯಿಂದ ಬಂದ ವೊಯ್‌ವೊದಿನಾ ಬಯಲಿನಲ್ಲಿ ಸರ್ಬರೊಂದಿಗೆ ಜರ್ಮನರು ಮತ್ತು ಹಂಗೇರಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದರು; ರೊಮೇನಿಯನ್ನರು, ಸ್ಲೊವಾಕರು, ಕ್ರೊವಾಟರೂ ಇದ್ದರು. ಆ ಬಯಲನ್ನು ಮಾತ್ರ ಒಂದು ಪ್ರಾಂತ್ಯ ಮಾಡಿದ್ದರೆ ಸರ್ಬರು ಅರ್ಧಕ್ಕಿಂತ ಕಡಿಮೆಯಾಗುತ್ತಿದ್ದರು. ನದಿಯ ತೆಂಕಣ ದಡದ ಶುಮಾದಿಯಾ ಸೀಮೆಯನ್ನು, ಅಂದರೆ ಸ್ಮೆದೆರೆವೊ, ಕ್ರಾಗುಯೆವಾತ್ಸ್‌ಗಳ ಸುತ್ತಲಿನ ಹಳೆಯ ಸರ್ಬಿಯಾದ ಹೃದಯಭಾಗವನ್ನು, ಅದಕ್ಕೆ ಜೋಡಿಸಲಾಯಿತು. ಆಡಳಿತ ನಡೆಯುವುದು ನೋವಿ ಸಾದ್‌ನಿಂದ. ಬೆಲ್‌ಗ್ರೇಡ್ ನಡುವೆ ಪ್ರತ್ಯೇಕ ದ್ವೀಪದಂತಿತ್ತು. ಕ್ರಾಗುಯೆವಾತ್ಸ್‌ನ ರೈತನೊಬ್ಬನು ಪ್ರಾಂತ್ಯದ ಕಚೇರಿಗೆ ಹೋಗಬೇಕಾದರೆ ಹತ್ತಿರದ ರಾಜಧಾನಿಯನ್ನು ದಾಟಿ ಇನ್ನೂ ಮುಂದಕ್ಕೆ ಹೋಗಬೇಕಾಗಿತ್ತು. ಇದನ್ನು ಆಡಳಿತದ ಅನುಕೂಲವೆಂದು ಒಪ್ಪಿಕೊಳ್ಳುವುದು ಕಷ್ಟ.

ಬೋಸ್ನಿಯಾ ಈ ಬಾರಿ ನಾಲ್ಕು ಬಾನೊವಿನಾಗಳಲ್ಲಿ ಹಂಚಿಹೋಯಿತು. ಪೂರ್ವಭಾಗ ದ್ರಿನಾಕ್ಕೆ, ವಾಯವ್ಯ ಭಾಗ ವ್ರ್‌ಬಾಸ್‌ಗೆ, ಮೊಸ್ತಾರ್ ಸಹಿತ ಪಶ್ಚಿಮ ಹರ್ಜೆಗೊವಿನಾ ಕರಾವಳಿಗೆ, ಪೂರ್ವ ಹರ್ಜೆಗೊವಿನಾ ಝೇತಾಕ್ಕೆ. 1921ರಲ್ಲಿ ಸ್ಪಾಹೊ ಅವರ ಕೈಯಲ್ಲಿದ್ದ ಮತಗಳಿಗೆ ಸಂಸತ್ತೇ ಇಲ್ಲದ 1929ರಲ್ಲಿ ಬೆಲೆಯಿರಲಿಲ್ಲ. ಒಂಬತ್ತು ಪ್ರಾಂತ್ಯಗಳಲ್ಲಿ ಯಾವೊಂದರಲ್ಲಿಯೂ ಬೋಸ್ನಿಯಾದ ಮುಸ್ಲಿಮರು ಬಹುಸಂಖ್ಯಾತರಾಗಲಿಲ್ಲ. ಸರ್ಕಾರದ ಲೆಕ್ಕದಂತೆ ಆರರಲ್ಲಿ ಸರ್ಬರೂ ಎರಡರಲ್ಲಿ ಕ್ರೊವಾಟರೂ ಒಂದರಲ್ಲಿ ಸ್ಲೊವೀನರೂ ಬಹುಸಂಖ್ಯಾತರಾಗಿದ್ದರು. ಆ ಲೆಕ್ಕದಲ್ಲಿ ಮ್ಯಾಸಿಡೋನಿಯನ್ನರನ್ನು ಸರ್ಬರೆಂದೇ ಸೇರಿಸಲಾಗಿತ್ತು ಎಂಬುದನ್ನು ಮರೆಯಬಾರದು. ಅವರ ನಾಡನ್ನು ಅಧಿಕಾರಿಗಳು ದಕ್ಷಿಣ ಸರ್ಬಿಯಾ ಎನ್ನುತ್ತಿದ್ದರು. ಕೊಸೊವೊದ ಆಲ್ಬೇನಿಯನ್ನರನ್ನು ಝೇತಾ, ಮೊರಾವಾ ಮತ್ತು ವಾರ್ದಾರ್ ಎಂಬ ಮೂರು ಪ್ರಾಂತ್ಯಗಳಿಗೆ ಹಂಚಿದುದರಿಂದ ಅವರು ಮೂರರಲ್ಲಿಯೂ ಅಲ್ಪಸಂಖ್ಯಾತರಾದರು. ಶತಮಾನಗಳ ಕಾಲ ಸ್ವತಂತ್ರ ಗಣರಾಜ್ಯವಾಗಿದ್ದ ಡುಬ್ರೋವ್ನಿಕ್ ಬಂದರು ಪಟ್ಟಣ, ಸ್ಪ್ಲಿತ್‌ನ ಕರಾವಳಿ ಪ್ರಾಂತ್ಯದ ಬದಲು ಮಾಂಟೆನೆಗ್ರೊದ ಬೆಟ್ಟಗಳ ನಡುವಿನ ತ್ಸೆತಿನ್ಯೆಯ ಆಳ್ವಿಕೆಗೆ ಒಳಗಾಯಿತು. ಇದನ್ನು ಕ್ರೊವಾಟರು ಹತ್ತು ವರ್ಷಗಳ ಕಾಲ ಅನ್ಯಾಯವೆಂದೇ ಎಣಿಸಿದರು.

ಹಾಗೆಂದು ಇಡೀ ನಕ್ಷೆಯನ್ನು ಒಂದೇ ಜನಾಂಗದ ಹಿತಕ್ಕಾಗಿ ಬರೆದ ಸಂಚು ಎಂದು ಬಣ್ಣಿಸಿದರೆ ಅರ್ಧ ಸತ್ಯವಾಗುತ್ತದೆ. ಇದೇ ಕಾನೂನು ಸ್ಲೊವೀನರ ಎರಡು ಪ್ರಾಂತ್ಯಗಳನ್ನು ಕೂಡಿಸಿ ಒಂದೇ ದ್ರಾವಾ ಬಾನೊವಿನಾ ಮಾಡಿತು. ಅವರ ನಾಯಕ ಆಂತೊನ್ ಕೊರೊಶೆತ್ಸ್ ಆಗ ಅರಸನ ಮಂತ್ರಿಮಂಡಲದಲ್ಲಿದ್ದರು. ಮೆಜಿಮುರ್ಯೆ ಝಾಗ್ರೆಬ್‌ನ ಆಡಳಿತಕ್ಕೆ ಬಂತು. 1931ರಲ್ಲಿ ಸಣ್ಣ ತಿದ್ದುಪಡಿಗಳಾದಾಗ, ಸ್ಲೊವೀನರಿರುವ ಚರ್ನೊಮೆಲ್ ಸೀಮೆ ಸಾವಾದಿಂದ ದ್ರಾವಾಕ್ಕೂ ಕ್ರೊವಾಟರಿರುವ ಚಬಾರ್ ದ್ರಾವಾದಿಂದ ಸಾವಾಕ್ಕೂ ಬದಲಾದವು. ಅಂದರೆ ಭಾಷೆಯ ಗಡಿಯನ್ನು ಸದ್ದಿಲ್ಲದೆ ಸರಿಪಡಿಸಲಾಯಿತು. 1922ರಲ್ಲಿ ಆರು ತುಂಡುಗಳಾಗಿದ್ದ ಕ್ರೊವಾಟರ ನಾಡು ಬಹುಮಟ್ಟಿಗೆ ಎರಡು ಪ್ರಾಂತ್ಯಗಳಲ್ಲಿ ಸೇರಿತು. ಸಾವಾ ಬಾನೊವಿನಾದ ಜನಸಂಖ್ಯೆ 1931ರ ಗಣತಿಯಲ್ಲಿ ಸುಮಾರು 27 ಲಕ್ಷ, ಒಂಬತ್ತರಲ್ಲಿ ಅತಿ ಹೆಚ್ಚು. ಡಾಲ್ಮೇಷಿಯಾದ ಬರಡು ಕರಾವಳಿಗೆ ಅದರ ಒಳನಾಡಾದ ಪಶ್ಚಿಮ ಹರ್ಜೆಗೊವಿನಾವನ್ನು ಜೋಡಿಸಿದ್ದರಲ್ಲಿ ನಿಜವಾದ ಆರ್ಥಿಕ ವಿವೇಕವಿತ್ತು. ಬಾನ್ಯಾ ಲೂಕಾ ಅದುವರೆಗೆ ಚಿಕ್ಕ ಪಟ್ಟಣವಾಗಿತ್ತು. ಅದನ್ನು ಪ್ರಾಂತ್ಯದ ಕೇಂದ್ರ ಮಾಡಿದ ಮೇಲೆ ಮೊದಲ ಬಾನ್ ಸ್ವೆತಿಸ್ಲಾವ್ ಮಿಲೊಸಾವ್ಲ್ಯೆವಿಚ್ ಅಲ್ಲಿ ಆಡಳಿತ ಭವನ, ನಾಟಕ ಮಂದಿರಗಳನ್ನು ಕಟ್ಟಿಸಿ ಊರಿನ ರೂಪವನ್ನೇ ಬದಲಾಯಿಸಿದರು. ಸಂಚು ಇದ್ದ ಕಡೆ ಇತ್ತು, ವಿವೇಕ ಇದ್ದ ಕಡೆ ಅದೂ ಇತ್ತು. ಎರಡೂ ನದಿಯ ಹೆಸರಿನ ಕೆಳಗೇ ನಡೆದುದರಿಂದ ನಕ್ಷೆಯನ್ನು ಮಾತ್ರ ನೋಡಿದವರಿಗೆ ಬೇರ್ಪಡಿಸಿ ಕಾಣುವುದಿಲ್ಲ.

ಇನ್ನು ಭಾಷೆಯ ಬಗ್ಗೆ ನೀವು ಕೇಳಿದ್ದು. ನಮ್ಮಲ್ಲಿ ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳಗಳು ಸ್ಪಷ್ಟವಾಗಿ ಬೇರೆ ಬೇರೆ ಭಾಷೆಗಳಾಗಿದ್ದುದರಿಂದ ಗಣತಿಯ ಪುಸ್ತಕವನ್ನು ಮುಂದಿಟ್ಟುಕೊಂಡು, ಗಡಿನಾಡುಗಳಲ್ಲಿ ತಕರಾರುಗಳಿದ್ದರೂ, ರಾಜ್ಯಗಳನ್ನು ವಿಂಗಡಿಸುವುದು ಸಾಧ್ಯವಾಯಿತು. ಯುಗೊಸ್ಲಾವಿಯಾದಲ್ಲಿ ಸ್ಲೊವೀನ್ ಭಾಷೆ ಬೇರೆಯೇ ಹೌದು; ಆದರೆ ಸರ್ಬರು, ಕ್ರೊವಾಟರು, ಮಾಂಟೆನೆಗ್ರೊದವರು, ಬೋಸ್ನಿಯಾದ ಮುಸ್ಲಿಮರು ಆಡುತ್ತಿದ್ದುದು ಒಬ್ಬರಿಗೊಬ್ಬರಿಗೆ ಸಲೀಸಾಗಿ ಅರ್ಥವಾಗುವ ಮಾತು. ಲಿಪಿ ಒಂದು ಕಡೆ ಸಿರಿಲಿಕ್, ಇನ್ನೊಂದು ಕಡೆ ಲ್ಯಾಟಿನ್. 1921ರ ಗಣತಿ ಅದನ್ನು ಸರ್ಬಿಯನ್ ಅಥವಾ ಕ್ರೊವೇಷಿಯನ್ ಎಂದು ಒಂದೇ ಅಂಕಣದಲ್ಲಿ ಬರೆಯಿತು. ಭಾಷೆಯನ್ನೇ ಆಧಾರ ಮಾಡಿಕೊಂಡಿದ್ದರೆ ಉತ್ತರದಲ್ಲಿ ಒಂದು ಸ್ಲೊವೀನ್ ಪ್ರಾಂತ್ಯ, ಉಳಿದ ಬಹುಪಾಲು ದೇಶವೆಲ್ಲ ಸೇರಿ ಒಂದು ಮಹಾಪ್ರಾಂತ್ಯ ಎಂದಾಗುತ್ತಿತ್ತು. ಯಾವ ಜಗಳವೂ ತೀರುತ್ತಿರಲಿಲ್ಲ. ಜನರು ತಮ್ಮನ್ನು ಬೇರೆಯೆಂದು ಕಂಡುಕೊಂಡದ್ದು ಮತಧರ್ಮದಿಂದ (ಸರ್ಬರು ಆರ್ಥೊಡಾಕ್ಸ್ ಕ್ರೈಸ್ತರು, ಕ್ರೊವಾಟರು ಕ್ಯಾಥೊಲಿಕರು) ಮತ್ತು ತಮ್ಮ ಹಿರಿಯರು ಯಾವ ಸಾಮ್ರಾಜ್ಯದ ಕೆಳಗೆ ಬಾಳಿದ್ದರು ಎಂಬುದರಿಂದ. ಮತಧರ್ಮದ ಲೆಕ್ಕವಾದರೋ ಬೋಸ್ನಿಯಾದಂಥ ಕಡೆ ಹಳ್ಳಿಯಿಂದ ಹಳ್ಳಿಗೆ ಬದಲಾಗುತ್ತಿತ್ತು. 1931ರಲ್ಲಿ ಅಲ್ಲಿ ಆರ್ಥೊಡಾಕ್ಸರು ಶೇ. 44ರಷ್ಟು, ಮುಸ್ಲಿಮರು ಶೇ. 31ರಷ್ಟು, ಕ್ಯಾಥೊಲಿಕರು ಶೇ. 24ರಷ್ಟು ಇದ್ದರು. ಹೇಗೆ ಗೆರೆ ಎಳೆದರೂ ಯಾರಾದರೂ ಒಬ್ಬರು ತಪ್ಪು ಬದಿಯಲ್ಲಿ ಉಳಿಯುತ್ತಿದ್ದರು.

ಜನಾಂಗಗಳನ್ನು ನೋಡಿ ಗೆರೆ ಎಳೆಯುವ ಪ್ರಯತ್ನವನ್ನೂ ಒಮ್ಮೆ ಮಾಡಿ ನೋಡಿದರು. ಅರಸ ಅಲೆಕ್ಸಾಂಡರ್ 1934ರಲ್ಲಿ ಮಾರ್ಸೇಲ್ಸ್‌ನಲ್ಲಿ ಹತನಾದ ಮೇಲೆ ರಾಜಕುಮಾರ ಪಾವ್ಲೆ ಬಾಲಕನಾಗಿದ್ದ ಹೊಸ ಅರಸನ ಪರವಾಗಿ ಆಳುತ್ತಿದ್ದನು. ಯೂರೋಪಿನಲ್ಲಿ ಯುದ್ಧ ಸಮೀಪಿಸಿದಾಗ ಕ್ರೊವಾಟರೊಡನೆ ರಾಜಿ ಅನಿವಾರ್ಯವಾಯಿತು. ಪ್ರಧಾನಿ ದ್ರಾಗಿಶಾ ತ್ಸ್ವೆತ್ಕೊವಿಚ್ ಮತ್ತು ಕ್ರೊವಾಟ್ ನಾಯಕ ವ್ಲಾದ್ಕೊ ಮಾಚೆಕ್ 1939ರ ಏಪ್ರಿಲ್‌ನಲ್ಲಿ ಮಾಡಿಕೊಂಡ ಮೊದಲ ಒಡಂಬಡಿಕೆಯಲ್ಲಿ, ವಿವಾದದ ಸೀಮೆಗಳ ಜನರೇ ಮತ ಹಾಕಿ ತೀರ್ಮಾನಿಸಲಿ ಎಂದಿತ್ತು. ಪಾವ್ಲೆ ಇದನ್ನು ಒಪ್ಪಲಿಲ್ಲ. ಆಗಸ್ಟ್ 26ರ ಎರಡನೆಯ ಒಪ್ಪಂದದಲ್ಲಿ ಜನಮತದ ಮಾತು ಹೋಗಿ, ಸಾವಾ ಮತ್ತು ಕರಾವಳಿ ಬಾನೊವಿನಾಗಳ ಜೊತೆಗೆ ಡುಬ್ರೋವ್ನಿಕ್, ಶಿದ್, ಇಲೊಕ್, ಬ್ರ್‌ಚ್ಕೊ, ಗ್ರಾದಾಚಾತ್ಸ್, ದೆರ್ವೆಂತಾ, ತ್ರಾವ್ನಿಕ್ ಮತ್ತು ಫೋಯ್ನಿತ್ಸಾ ಎಂಬ ಸೀಮೆಗಳನ್ನು ಸೇರಿಸಿ ಕ್ರೊಯೇಷಿಯಾ ಬಾನೊವಿನಾ ರಚನೆಯಾಯಿತು. ಹತ್ತು ವರ್ಷ ಅಳಿಸಿಹೋಗಿದ್ದ ನಾಡಿನ ಹೆಸರೊಂದು ನಕ್ಷೆಗೆ ಮರಳಿತು. ದೇಶದ ಕಾಲು ಭಾಗಕ್ಕಿಂತ ತುಸು ಹೆಚ್ಚಿನ ನೆಲ, ನಲವತ್ತು ಲಕ್ಷಕ್ಕೂ ಮಿಗಿಲಾದ ಜನ. ಇವಾನ್ ಶುಬಾಶಿಚ್ ಅದರ ಬಾನ್ ಆದರು.

ಇಲ್ಲಿ ಲೆಕ್ಕದ ಘಟಕವೇ ನಿರ್ಣಾಯಕವಾಯಿತು. ನಮ್ಮ ತಾಲ್ಲೂಕಿಗೆ ಹೋಲಿಸಬಹುದಾದ ಸ್ರೆಜ್ ಎಂಬ ಘಟಕವನ್ನು ಹಿಡಿದು, ಬೋಸ್ನಿಯಾದ ಪ್ರತಿ ಸ್ರೆಜ್‌ನಲ್ಲಿ ಸರ್ಬರು ಹೆಚ್ಚೋ ಕ್ರೊವಾಟರು ಹೆಚ್ಚೋ ಎಂದಷ್ಟೇ ಎಣಿಸಲಾಯಿತು. ಮುಸ್ಲಿಮರನ್ನು ಎಣಿಕೆಯಿಂದಲೇ ಹೊರಗಿಟ್ಟರು. ಅವರು ಮೂರನೆಯ ಒಂದು ಪಾಲಿನಷ್ಟಿದ್ದ ನಾಡನ್ನು ಅವರಿಲ್ಲವೆಂದು ಭಾವಿಸಿ ಹಂಚಿಕೊಂಡದ್ದು, ಇಪ್ಪತ್ತು ವರ್ಷಗಳ ಗಡಿರಚನೆಯಲ್ಲಿಯೇ ಅತ್ಯಂತ ಕ್ರೂರವಾದ ನಿರ್ಧಾರವೆಂದು ನಾನು ತಿಳಿಯುತ್ತೇನೆ. ಆ ಬೇಸಿಗೆಯಲ್ಲಿಯೇ ಸ್ಪಾಹೊ ತೀರಿಕೊಂಡಿದ್ದರು. ಅವರ ಸ್ಥಾನಕ್ಕೆ ಬಂದ ಜಾಫೆರ್ ಕುಲೆನೊವಿಚ್ ಬೋಸ್ನಿಯಾವನ್ನೂ ಪ್ರತ್ಯೇಕ ಬಾನೊವಿನಾ ಮಾಡಬೇಕೆಂದು ಕೇಳಿದರು, ಯಾರೂ ಕಿವಿಗೊಡಲಿಲ್ಲ. ಸೇರಿಸಿದ ಸ್ರೆಜ್‌ಗಳಲ್ಲಿ ಕ್ರೊವಾಟರ ಬಹುಮತವಿಲ್ಲದ ಹಳ್ಳಿಗಳನ್ನು ಮುಂದೆ ಬೇರ್ಪಡಿಸಲಾಗುವುದು ಎಂಬ ಮಾತೂ ಒಪ್ಪಂದದಲ್ಲಿತ್ತು. ಬೆಳಗಾವಿ ವಿವಾದದಲ್ಲಿ ಹಳ್ಳಿಯನ್ನೇ ಘಟಕ ಮಾಡಬೇಕೆಂದು ಮಹಾರಾಷ್ಟ್ರ ಹೂಡಿದ ವಾದವನ್ನು ಬಲ್ಲ ಕನ್ನಡಿಗರಿಗೆ, ಘಟಕವನ್ನು ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹಳ್ಳಿಗೆ ಇಳಿಸುತ್ತ ಹೋದಂತೆ ಫಲಿತಾಂಶ ಹೇಗೆ ಬದಲಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಒಂದು ಜನಾಂಗಕ್ಕೆ ಹೆಸರುಳ್ಳ ಪ್ರಾಂತ್ಯ ಸಿಕ್ಕ ಕೂಡಲೆ ಉಳಿದವರೂ ಕೇಳಿದರು. ಉಳಿದ ಬಾನೊವಿನಾಗಳಲ್ಲಿ ದ್ರಾವಾವನ್ನು ಬಿಟ್ಟು ಬಾಕಿ ಎಲ್ಲವನ್ನೂ ಕೂಡಿಸಿ ಸರ್ಬರ ನಾಡುಗಳು ಎಂಬ ಘಟಕವನ್ನು ಮಾಡಿ ಸ್ಕೋಪ್ಯೆಯನ್ನು ಅದರ ಕೇಂದ್ರವಾಗಿಸುವ ಕರಡು 1940ರಲ್ಲಿ ಸಿದ್ಧವಾಯಿತು. ಅದು ಜಾರಿಗೆ ಬರಲಿಲ್ಲ, ಹಳ್ಳಿಗಳ ವಿಂಗಡಣೆಯೂ ಆಗಲಿಲ್ಲ. 1941ರ ಏಪ್ರಿಲ್ 6ರಂದು ಜರ್ಮನಿ ದಾಳಿ ಮಾಡಿತು, ಅರಸೊತ್ತಿಗೆ ಎರಡು ವಾರದೊಳಗೆ ಕುಸಿಯಿತು.

ಬಾನೊವಿನಾಗಳ ಗಡಿಗಳು ಇಂದಿನ ದೇಶಗಳ ಗಡಿಗಳಾಗಲಿಲ್ಲ. ಕಮ್ಯುನಿಸ್ಟ್ ನಾಯಕ ತಿತೊ ನೇತೃತ್ವದ ಪಾರ್ಟಿಸಾನರು, ಅಂದರೆ ಆಕ್ರಮಣಕಾರರ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳು, 1943ರ ನವೆಂಬರ್‌ನಲ್ಲಿ ಯಾಯ್ತ್ಸೆಯಲ್ಲಿ ಸೇರಿದ ಸಭೆಯಲ್ಲಿ ಒಕ್ಕೂಟ ವ್ಯವಸ್ಥೆಯನ್ನು ಘೋಷಿಸಿದಾಗ ಬೋಸ್ನಿಯಾವನ್ನು ಮತ್ತೆ ಒಂದು ಘಟಕವಾಗಿ ಎಣಿಸಿದರು. ಯುದ್ಧಾನಂತರದ ಆರು ಗಣರಾಜ್ಯಗಳನ್ನು ರೂಪಿಸುವಾಗ 1918ರ ಹಿಂದಿನ ಎಲ್ಲೆಗಳನ್ನೇ ಬಹುಮಟ್ಟಿಗೆ ಆಧಾರವಾಗಿ ಹಿಡಿದರು. ಡ್ಯಾನ್ಯೂಬ್ ಮತ್ತು ಸಾವಾ ನದಿಗಳ ನಡುವಿನ ಸ್ರಿಯೆಮ್‌ನಂಥ ಬೆರಕೆ ಸೀಮೆಗೆ ಮಾತ್ರ ಕಮ್ಯುನಿಸ್ಟ್ ನಾಯಕ ಮಿಲೊವಾನ್ ಜಿಲಾಸ್ ಅಧ್ಯಕ್ಷತೆಯ ಸಮಿತಿಯೊಂದು 1945ರಲ್ಲಿ ಹೊಸ ಗೆರೆಯನ್ನು ಸೂಚಿಸಿತು. ದೇಶ ಒಡೆದಾಗ, 1992ರ ಜನವರಿಯಲ್ಲಿ, ಯೂರೋಪಿಯನ್ ಸಮುದಾಯ ನೇಮಿಸಿದ ಬದಾಂತೇರ್ ಆಯೋಗ ಈ ಒಳಗಡಿಗಳನ್ನೇ ಅಂತಾರಾಷ್ಟ್ರೀಯ ಗಡಿಗಳೆಂದು ಪರಿಗಣಿಸಬೇಕೆಂದು ಅಭಿಪ್ರಾಯಪಟ್ಟಿತು. 1929ರಲ್ಲಿ ಪ್ರಾಂತ್ಯವೊಂದರ ಒಡಲಿನೊಳಗೆ ಹರಿದಿದ್ದ ದ್ರಿನಾ ಈಗ ತನ್ನ ಹರಿವಿನ ಬಹುಭಾಗದಲ್ಲಿ ಬೋಸ್ನಿಯಾ ಮತ್ತು ಸರ್ಬಿಯಾಗಳ ನಡುವಿನ ಗಡಿ. ಅದರ ಸೇತುವೆಗಳನ್ನು ದಾಟುವವರು ಪಾಸ್‌ಪೋರ್ಟ್ ಇಲ್ಲವೆ ಗುರುತಿನ ಚೀಟಿಯನ್ನು ತೋರಿಸುತ್ತಾರೆ.